ನೆಲೋಗಿಯ ವಾಲ್ವ್ ಅಂಪ್ಲಿಫಾಯರ್ ಸಾಹೇಬರ ಸನ್ನಿಧಿಗೆ

ಮಾನ್ಯರೇ,

ನಾಲ್ಕು ಗಾಜಿನ ವಾಲ್ವ್‌ಗಳ ಒಡೆಯರೂ, ಇಬ್ಬರು ಹಿಡಿದರೂ ಒಬ್ಬರ ಸೊಂಟ ಹಿಡಿಯುವಷ್ಟು ತೂಕಸ್ಥರೂ ಆದ ತಮಗೆ, ಜೇವರ್ಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಶಿವಗಂಗಾ ಮಾಡುವ ಶರಣು ಶರಣಾರ್ಥಿ. ತಾವು ಕ್ಷೇಮವಾಗಿರುವುದನ್ನು ಈಗಷ್ಟೇ ತಮ್ಮ ಮೇಲೆ ಅಂಗೈ ಇಟ್ಟು ಖಚಿತಪಡಿಸಿಕೊಂಡಿದ್ದೇನೆ, ತಾವು ಬೆಚ್ಚಗಿದ್ದೀರಿ. ನನ್ನ ಕ್ಷೇಮವನ್ನು ತಾವು ಎಂದೂ ವಿಚಾರಿಸಿದವರಲ್ಲವಾದ್ದರಿಂದ ಆ ವಾಕ್ಯವನ್ನು ಬಿಟ್ಟು ನೇರ ದೂರಿಗೆ ಬರುತ್ತೇನೆ. ಎರಡು ತಿಂಗಳು ಖಾಸಗಿಯಾಗಿ ತೋಡಿಕೊಂಡದ್ದಕ್ಕೆಲ್ಲ ತಾವು ಗುಂಯ್ ಎಂದಷ್ಟೇ ಉತ್ತರ ಕೊಟ್ಟಿರುವುದರಿಂದ ಈ ಪತ್ರ ಬಹಿರಂಗವಾಗುತ್ತಿದೆ.

ತಮ್ಮನ್ನು ಅರಿಯದ ಓದುಗರಿಗಾಗಿ ಎರಡು ಮಾತು. ತಾವು ವಾಲ್ವ್ ಕಾದು ಕೆಂಪಾದ ಮೇಲಷ್ಟೇ ಬಾಯಿ ತೆರೆಯುವ ಹಳೇ ಕಾಲದ ಗಿಟಾರ್ ಅಂಪ್ಲಿಫಾಯರ್. ಐವತ್ತು ವರ್ಷದ ಹಿಂದೆ ನನ್ನ ಸೋದರತ್ತೆ ಶಿವಕಾಂತಾ ಅವರ ಯಜಮಾನರು ತಮ್ಮನ್ನು ಸೊಲ್ಲಾಪುರದಿಂದ ಬಸ್ಸಿನ ಮೇಲೆ ಹೇರಿ ನೆಲೋಗಿಗೆ ತಂದರು. ಮಾವ ಹಾಡುವವರು, ಅತ್ತೆ ತಲೆಯ ಮೇಲಿನ ಸೆರಗು ಜಾರದಂತೆ, ರೊಟ್ಟಿ ಬಡಿಯಲು ಕೂತವರ ಗಾಂಭೀರ್ಯದಲ್ಲಿ ಕೂತು, ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವವರು. ಇದರಿಂದ ಊರಿನ ಮದುವೆಗಳಲ್ಲಿ ಒಂದು ರೂಢಿಯೇ ಬೆಳೆಯಿತು. ಅಯ್ಯನವರು ಮಂತ್ರ ಹೇಳುವಷ್ಟು ಹೊತ್ತು ಗಿಟಾರ್ ಸಣ್ಣಗೆ ನುಡಿಯುತ್ತಿರಬೇಕು. ಅದು ನಿಂತಿತೋ, ಇಡೀ ಹಂದರ ಕೈಯಲ್ಲಿನ ಅಕ್ಷತೆ ಎಸೆಯಬೇಕು. ನಮ್ಮಲ್ಲಿ ಅಕ್ಷತೆಯೆಂದರೆ ಬಣ್ಣ ಹಚ್ಚಿದ ಜೋಳ.

ಮಾವ ತೀರಿಕೊಂಡ ಕೆಲವೇ ತಿಂಗಳಲ್ಲಿ ತಾವು ಸುಟ್ಟ ವಾಸನೆಯೊಂದನ್ನು ಬಿಟ್ಟು ಮೌನ ತಾಳಿದಿರಿ. ಮೂರು ವರ್ಷದಲ್ಲಿ ಅತ್ತೆ ಗಿಟಾರ್ ಮುಟ್ಟಿದ್ದು ಒಂದೇ ಸಲ. ಮಗ ಅನೀಲಕುಮಾರ ಹೊಸ ಸ್ಪೀಕರ್ ಡಬ್ಬಿ ತಂದುಕೊಟ್ಟಾಗ ಒಂದೇ ಸಾಲು ನುಡಿಸಿ, "ಇದು ಟೀವಿದಾಗ ಸುದ್ದಿ ಓದೋರಂಗ ಮಾತಾಡ್ತದ, ನನ್ನ ಗುರ್ತೇ ಇಲ್ಲ ಇದಕ್ಕ" ಎಂದು ಹಿಂತಿರುಗಿಸಿದರು. ಈ ವರ್ಷ ಮೊಮ್ಮಗಳು ಸೃಷ್ಟಿಯ ಮದುವೆ ಗೊತ್ತಾಯಿತು. "ಆಯಿ ಗಿಟಾರ ಬಾರಿಸಿದ್ರೇ ನಾ ಹಂದರದಾಗ ಕೂಡೋದು" ಎಂದು ಅವಳು ಹಟ ಹಿಡಿದಳು. ಅವಳಪ್ಪ ಅನೀಲಕುಮಾರ ಶರತ್ತು ಹಾಕಿದ: "ಅರಿಶಿಣದ ದಿನ ಆ ಹಳೇ ಡಬ್ಬಿ ಮಾತಾಡ್ತಂದ್ರ ಸೈ. ಇಲ್ಲಂದ್ರ ಅಫಜಲಪುರದ ಡಿಜೆ ಬರ್ತದ. ಆಮ್ಯಾಲ ಯಾರೂ ನನ್ನ ಮುಂದ ಮಾರಿ ಗಂಟ ಹಾಕಬ್ಯಾಡ್ರಿ." ಅತ್ತೆ ಹಿತ್ತಲಲ್ಲಿ ಕೂತು ಆ ಉಕ್ಕಿನ ತುಂಡಿನ ತುಕ್ಕನ್ನು ಬೂದಿ ಹಚ್ಚಿ ಉಜ್ಜುತ್ತಿದ್ದುದನ್ನು ನಾನು ನೋಡಿದೆ. ನೋಡಿದ ಮೇಲೆ, "ನಾ ರಿಪೇರಿ ಮಾಡ್ತೀನಿ" ಎಂಬ ಮಾತು ನನ್ನ ಬಾಯಿಂದ ನನ್ನನ್ನು ಕೇಳದೆಯೇ ಹೊರಟಿತು.

ಮಾನ್ಯರೇ, ತಮ್ಮನ್ನು ಜೇವರ್ಗಿಯ ನನ್ನ ಊಟದ ಮೇಜಿನ ಮೇಲೆ ಬಿಚ್ಚಿ ಮಲಗಿಸಿದ ಆ ದಿನಗಳಲ್ಲಿ ನಾನು ತೋರಿದ ಮರ್ಯಾದೆಯಲ್ಲಿ ಏನಾದರೂ ಕೊರತೆಯಿತ್ತೇ? ಪ್ಲಗ್ ಕಿತ್ತ ಮೇಲೂ ತಾವು ನಾಲ್ಕುನೂರು ವೋಲ್ಟನ್ನು ಒಡಲಲ್ಲಿಟ್ಟು ಕಾಯುವ ಸ್ವಭಾವದವರೆಂದು ತಿಳಿದು, ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆಸ್ಥಾನಕ್ಕೆ ಬಂದವಳಂತೆ ಕೆಲಸ ಮಾಡಿದೆ. ಒಣಗಿ ಸುಟ್ಟುಹೋಗಿದ್ದ ಕೆಪಾಸಿಟರ್‌ಗಳನ್ನು ಬದಲಿಸಿದೆ. ಎರಡು ಪಿನ್ನಿನ ಪ್ಲಗ್ ತೆಗೆದು ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಿದೆ. ಅದಕ್ಕೆ ಮದುವೆ ಮುಗಿದ ಮೇಲೆ ಅತ್ತೆಯಿಂದ ಬಂದ ಮೆಚ್ಚುಗೆ, "ಮೊದ್ಲೆಲ್ಲ ತಂತಿ ಮುಟ್ಟಿದ್ರ ಬೆರಳಿಗಿ ಚುರ್ ಅಂತಿತ್ತು, ಈಗ ಸಪ್ಪಗ ಆಗ್ಯಾದಲ್ಲ ಬೇ" ಎಂಬುದು. ಅವರು ಐವತ್ತು ವರ್ಷ ಕಲೆಯ ಆವೇಶವೆಂದು ತಿಳಿದದ್ದು ಕರೆಂಟಾಗಿತ್ತೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ನನ್ನ ಮುಖ್ಯ ದೂರು. ತಮ್ಮ ಟ್ರಾನ್ಸ್‌ಫಾರ್ಮರಿನ ಬಳಿ, ಒಳಬರುವ ಕರೆಂಟು ಎಷ್ಟು ವೋಲ್ಟಿನದೋ ಆ ಕಡ್ಡಿಗೆ ವೈರು ಬೆಸೆಯುವ ಏರ್ಪಾಡಿದೆ. ಆ ವೈರನ್ನು ಯಾರೋ ಇನ್ನೂರ ನಲವತ್ತು ವೋಲ್ಟಿನ ಕಡ್ಡಿಯಿಂದ ಕಿತ್ತು ಇನ್ನೂರರ ಕಡ್ಡಿಗೆ ಬೆಸೆದು, ಮೇಲೆ ಕೆಂಪು ಉಗುರುಬಣ್ಣದ ಬೊಟ್ಟಿಟ್ಟಿದ್ದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಅಚ್ಚಾದದ್ದು ಸತ್ಯ, ಕೈಬರಹ ಅನುಮಾನ, ಉಗುರುಬಣ್ಣವಂತೂ ಅಪರಾಧ. ನೋಟ್‌ಬುಕ್ಕಿನಲ್ಲಿ "ಯಾರೋ ಅರೆಬರೆ ಕಲಿತವರ ಕೆಲಸ" ಎಂದು ಬರೆದು, ವೈರನ್ನು ಕಂಪನಿಯ ಪುಸ್ತಕ ಹೇಳಿದ ಇನ್ನೂರ ನಲವತ್ತರ ಕಡ್ಡಿಗೇ ಬೆಸೆದೆ. ತಾವು ನನ್ನ ಮನೆಯಲ್ಲಿ ಕೋಗಿಲೆಯಂತೆ ನುಡಿದಿರಿ. ಆಗಲೇ ಒಂದು ಸಣ್ಣ ಕೆಮ್ಮು ಕೆಮ್ಮಿ ಎಚ್ಚರಿಸಬಹುದಿತ್ತಲ್ಲವೇ?

ಅರಿಶಿಣದ ದಿನ ಬೆಳಿಗ್ಗೆ ನೆಲೋಗಿಯಲ್ಲಿ, ಇಡೀ ಬಳಗದ ಎದುರು, ಅತ್ತೆ ಮೂರು ವರ್ಷದ ನಂತರ ತಮ್ಮೊಡನೆ ತಂತಿ ಮೀಟಿದರು. ತಾವು ಬಾಯಿ ತುಂಬ ಚುರುಮುರಿ ಇಟ್ಟುಕೊಂಡವರಂತೆ ಏನೋ ಗೊಣಗಿದಿರಿ. ಆಮೇಲೆ ಅದೂ ಇಲ್ಲ. ಅನೀಲಕುಮಾರ ಡಿಜೆಗೆ ಫೋನ್ ಹಚ್ಚುತ್ತ ಅಂಗಳಕ್ಕೆ ಹೋದ. ಅತ್ತೆ ನನ್ನ ಕಡೆ ನೋಡಲಿಲ್ಲ. ಗಿಟಾರನ್ನು ಹಳೇ ಇಲಕಲ್ಲ ಸೀರೆಯಲ್ಲಿ ಮಡಿಕೆ ಮಡಿಕೆಯಾಗಿ ಸುತ್ತತೊಡಗಿದರು. ಬೈದಿದ್ದರೆ ಸುಲಭವಿತ್ತು.

ಆಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: ಆ ಉಗುರುಬಣ್ಣ ಯಾರದು? "ಆಳಂದದ ಕರೀಮುನ್ನಿಸಾಂದು. ಅವರಪ್ಪಂದು ರೇಡಿಯೋ ದುಕಾನ್ ಇತ್ತು. ಈಗ ಆಕೀನೇ ಕೂಡ್ತಾಳ" ಎಂದರು ಅತ್ತೆ, ಗಂಟು ಕಟ್ಟುತ್ತಲೇ. ಅತ್ತೆ ಕೊಟ್ಟ ನಂಬರಿಗೆ ಫೋನ್ ಮಾಡಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ದೊಡ್ಡ ನಗು.

"ಮೇಡಂ, ಪುಸ್ತಕದಾಗ ಎರಡುನೂರಾ ನಲ್ವತ್ತು ಅದ, ಖರೆ. ನೆಲೋಗಿದಾಗ ಎಲ್ಲಿ ಅದರಿ? ಹೊಲದಾಗಿನ ಪಂಪಸೆಟ್ ಚಾಲೂ ಆದ್ರ ನೂರಾ ಎಂಬತ್ತಕ್ಕ ಇಳೀತದ. ಅದಕ್ಕೇ ಹಂಗ ಹಚ್ಚೀನಿ. ಪಂಪ ಬಂದ್ ಆದ್ರ ಕರೆಂಟ್ ಮತ್ತ ಏರ್ತದ, ಕೂಡ್ಲೇ ಡಬ್ಬಿ ಬಂದ್ ಮಾಡ್ರಿ ಅಂತ ನಿಮ್ಮ ಮಾಮಾಗ ಹೇಳಿದ್ದೆ. ಅವರು ಹೋದಮ್ಯಾಲ ಯಾರ್ ಬಂದ್ ಮಾಡಿದ್ರು? ಸುಟ್ಟದ ಪಾಪ."

ಭೌತಶಾಸ್ತ್ರ ಅವರ ಕಡೆಗಿತ್ತು. ನನ್ನ ಕಡೆಗಿದ್ದದ್ದು ಪುಸ್ತಕ ಮಾತ್ರ. ಅವರ ಸಲಹೆಯಂತೆ ಅತ್ತೆಯ ಮಾಳಿಗೆ ಮೆಟ್ಟಿಲಿನ ಟೂ-ವೇ ಸ್ವಿಚ್ಚನ್ನೇ ಕಿತ್ತು ತಮ್ಮ ಬೆನ್ನಿಗೆ ಕೂರಿಸಿ, ಎರಡು ಕಡ್ಡಿಗಳನ್ನು ಅದರ ಎರಡು ಬದಿಗೆ ಜೋಡಿಸಿ, ಒಂದು ಬದಿಗೆ "ಪಂಪು ಚಾಲೂ", ಇನ್ನೊಂದು ಬದಿಗೆ "ಪಂಪು ಬಂದ್" ಎಂದು, ಸೃಷ್ಟಿಯ ಕೆಂಪು ಉಗುರುಬಣ್ಣದಲ್ಲಿ, ನನ್ನ ಕೈಯಾರೆ ಬರೆದೆ. ಸಂಜೆಯೊಳಗೆ ತಾವು ನುಡಿದಿರಿ. ಅತ್ತೆ ಸೀರೆಯ ಗಂಟು ಬಿಚ್ಚಿದರು. ಅನೀಲಕುಮಾರ ಡಿಜೆಯವನಿಗೆ ಮತ್ತೊಮ್ಮೆ ಫೋನ್ ಮಾಡಿದ. ಪಕ್ಕದ ಮನೆಯ ಸಾಬವ್ವ ತಮ್ಮ ಕಾವಲಿಗೆ ನಿಂತರು. ಪಂಪು ನಿಂತು ಬಲ್ಬು ಪಕ್ಕನೆ ಬೆಳಗಿದರೆ ತಮ್ಮನ್ನು ಬಂದ್ ಮಾಡಿ, ಸ್ವಿಚ್ ಹೊರಳಿಸಿ, ಮತ್ತೆ ಚಾಲೂ ಮಾಡುವುದು ಅವರ ಹೊಣೆ.

ಮಾನ್ಯರೇ, ಸಾಬವ್ವ ಆ ಹೊಣೆಯನ್ನು ಅಕ್ಷರಶಃ ನಿಭಾಯಿಸಿದರು. ಮರುದಿನ ಅಯ್ಯನವರ ಮಂತ್ರ ಮುಗಿಯಲು ಇನ್ನೂ ಎರಡು ಸಾಲಿರುವಾಗ ಹಂದರದ ಬಲ್ಬುಗಳು ಬೆಳಗಿದವು, ಸಾಬವ್ವ ಬಂದ್ ಮಾಡಿದರು, ಗಿಟಾರ್ ನಿಂತಿತು, ಮತ್ತು ರೂಢಿಯಂತೆ ಆರುನೂರು ಜನ ಒಮ್ಮೆಲೇ ಅಕ್ಷತೆ ಎಸೆದರು. ಅಯ್ಯನವರು ಬಾಯಿಗೆ ಬಿದ್ದ ಜೋಳವನ್ನು ಉಗುಳಿ ಉಳಿದ ಸಾಲು ಹೇಳತೊಡಗಿದರು. ಗಾಳಿಯಾಡಲೆಂದು ನಾನು ತೆರೆದಿಟ್ಟಿದ್ದ ತಮ್ಮ ಬೆನ್ನಿನೊಳಗೂ ಒಂದು ಹಿಡಿ ಜೋಳ ಸುರಿಯಿತು. ತಾವು ಕಾದು ಮತ್ತೆ ಬಾಯಿ ತೆರೆದಾಗ, ಅತ್ತೆಯ ಗಿಟಾರಿನ ಜೊತೆಗೆ, ವಾಲ್ವಿನ ಮೇಲೆ ಜೋಳ ಅರಳಿ ಗಾಜಿಗೆ ತಟ್ಟುವ ಪಟ್ ಪಟ್ ಸದ್ದೂ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿತು. ಸೃಷ್ಟಿ ಬಾಸಿಂಗದ ಕೆಳಗೆ ನಗು ತಡೆಯಲಾರದೆ ನಡುಗುತ್ತಿದ್ದಳು. ಅತ್ತೆ ನಿಲ್ಲಿಸಲಿಲ್ಲ; ಆ ಪಟ್ ಪಟ್‌ಗೆ ತಾಳ ಕೂಡಿಸಿಕೊಂಡು ಇನ್ನೂ ಅರ್ಧ ತಾಸು ನುಡಿಸಿದರು. ಅಂಥ ನಾದ ನಾನು ಈವರೆಗೆ ಕೇಳಿಲ್ಲ. ಬೀಗರು ಇದನ್ನು ನಮ್ಮ ಮನೆತನದ ವಿಶೇಷ ವಾದ್ಯವೆಂದು ತಿಳಿದು, ಅವರ ಕಿರಿಮಗನ ಮದುವೆಗೂ ತಮ್ಮನ್ನು ಕೇಳಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು: ಇನ್ನು ಮುಂದೆ ಯಾರಾದರೂ ಪದವೀಧರರು ತಮ್ಮನ್ನು ಬಿಚ್ಚಿದಾಗ, ತಮ್ಮ ಪ್ರತಿ ವೈರೂ ತನ್ನ ಚರಿತ್ರೆಯನ್ನು ತಾನೇ ಹೇಳಬೇಕು, ಮತ್ತು ನೆಲೋಗಿಯ ಸಮಸ್ತ ಪಂಪುಸೆಟ್‌ಗಳೊಡನೆ ತಾವೇ ಮಾತುಕತೆ ನಡೆಸಿ, ಮಂತ್ರ ಮುಗಿಯುವವರೆಗೆ ನೀರು ಹರಿಸಲು ಒಪ್ಪಿಸಬೇಕು.

ಪ್ಲಗ್ ಕಿತ್ತಿರುವಷ್ಟು ಹೊತ್ತು ಮಾತ್ರ,
ತಮ್ಮ ವಿಶ್ವಾಸಿ,
ಶಿವಗಂಗಾ

ತಾ.ಕ.: ತಮ್ಮೊಳಗೆ ಇನ್ನೂ ಅರಳದ ಕೆಲವು ಕಾಳು ಗಲಗಲ ಎನ್ನುತ್ತಿವೆ. ತೆಗೆಯಲೇ ಎಂದು ಕರೀಮುನ್ನಿಸಾ ಅವರನ್ನು ಕೇಳಿದೆ. "ಯಾರ್ ಹಾಕ್ಯಾರ ಅವರಿಗಿ ಕೇಳಿ ತೆಗೀರಿ ಮೇಡಂ, ಈ ಸಲನಾದ್ರೂ" ಎಂದರು. ಹಾಕಿದವರು ಆರುನೂರು ಜನ. ಇಲ್ಲಿಯವರೆಗೆ ನಾಲ್ವರನ್ನು ಕೇಳಿದ್ದೇನೆ. ಉಳಿದವರನ್ನು ಕೇಳಿ ಮುಗಿಸುವವರೆಗೆ ತಾವು ಹಾಗೇ ನುಡಿಯತಕ್ಕದ್ದು.