ಮೂಲೆ ಸೇರಿದ ಡಗ್ಗಾ

ಮನೆಯ ಮೂಲೆಗಳ ವಿಷಯದಲ್ಲಿ ನನ್ನಷ್ಟು ಅನುಭವ ಉಳ್ಳವರು ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಕಸಬರಿಗೆ ನಿಲ್ಲುವುದು ಮೂಲೆಯಲ್ಲಿ, ಒನಕೆ ನಿಲ್ಲುವುದು ಮೂಲೆಯಲ್ಲಿ, ಹರಿದ ಕೊಡೆ ಮಳೆಗಾಗಿ ಕಾಯುವುದು ಮೂಲೆಯಲ್ಲಿ, ಮನೆಗೆ ಬೀಗರು ಬಂದರೆ ನಾನು ನಿಲ್ಲುವುದೂ ಮೂಲೆಯಲ್ಲೇ. ಖಟಕ ಚಿಂಚೋಳಿಯ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಎರಡು ಗೋಡೆ ಕೂಡುವಲ್ಲಿ ಬೆನ್ನು ಕೊಟ್ಟು ಕೂತರೆ ಮಾತ್ರ ಜೀವಕ್ಕೆ ಧೈರ್ಯ. ಸಂತಪುರಕ್ಕೆ ಸೊಸೆಯಾಗಿ ಹೋದ ಮೇಲೂ ಅದೇ ಅಭ್ಯಾಸ. ಆದರೆ ಮಕ್ಕಳೇ, ನನಗಿಂತ ಮೊದಲೇ ಬಂದು ಮೂಲೆ ಹಿಡಿಯುವ ಇನ್ನೊಂದು ಪ್ರಾಣಿ ಮನೆಯಲ್ಲಿರುತ್ತದೆ, ಅದರ ಹೆಸರು ಸದ್ದು ಎಂಬುದು ನನ್ನ ಅಳಿಯ, ಅಂದರೆ ನಿಮ್ಮಪ್ಪ, ಹೇಳುವ ತನಕ ನನಗೆ ತಿಳಿದಿರಲಿಲ್ಲ. ಅದೂ ಎಲ್ಲ ಸದ್ದಲ್ಲ. ತೆಳ್ಳನೆಯ ಸದ್ದು ಬಂದ ದಾರಿ ಹಿಡಿದು ಹೋಗಿಬಿಡುತ್ತದಂತೆ. ದಪ್ಪ ಸದ್ದು ಮಾತ್ರ ಮೂಲೆಗೆ ಹೋಗಿ, ಸೊಂಟ ಊರಿ ಕೂತು, ಏಳು ಎಂದರೂ ಏಳುವುದಿಲ್ಲವಂತೆ. ಅದನ್ನು ಕೇಳಿದಾಗ ನನಗೆ ಆ ಸದ್ದಿನ ಮೇಲೆ ಸ್ವಲ್ಪ ಮಮತೆಯೇ ಬಂತು.

ಆ ದಿನಗಳದ್ದು ನಿಮಗೆ ನೆನಪಿರುವುದು ಇರುವೆಗಳು ಮಾತ್ರ. ಆಗ ನೀವಿಬ್ಬರೂ ಸಣ್ಣವರು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಆ ವರ್ಷ ಮಳೆ ಬಂದಿರಲಿಲ್ಲ. ಅದರ ಹಿಂದಿನ ವರ್ಷ ಬಂದ ಹಾಗೆ ಮಾಡಿ ಹೋಗಿತ್ತು. ಸಂತಪುರದ ಹೊಲದಿಂದ ಬೀದರಿನ ನಿಮ್ಮ ಮನೆಗೆ ಪ್ರತಿ ವರ್ಷ ಜೋಳದ ಚೀಲ ಬರುತ್ತಿದ್ದವು, ತೊಗರಿ ಬರುತ್ತಿತ್ತು. ಆ ವರ್ಷ ಅವುಗಳ ಬದಲು ನಾನು ಬಂದೆ. ಊರಿನ ಅರ್ಧ ಮಂದಿ ಹೈದರಾಬಾದು, ಪುಣೆ ಎಂದು ದುಡಿಯಲು ಹೋಗಿ ಓಣಿ ಬಿಕೋ ಎನ್ನುತ್ತಿದ್ದಾಗ, ಒಬ್ಬಳೇ ಇಲ್ಲಿ ಏನು ಮಾಡುತ್ತೀ ಎಂದು ನನ್ನ ಮಗಳು ಸುರೇಖಾ, ಅಂದರೆ ನಿಮ್ಮಮ್ಮ, ಬಸ್ಸು ಹತ್ತಿಸಿ ಕರೆತಂದಳು. ಮನೆಯಲ್ಲಿ ಜೋಳ ಇಡುವ ಚಿಕ್ಕ ಖೋಲಿ ಖಾಲಿ ಬಿದ್ದಿತ್ತು. ಅದನ್ನು ನನಗೆ ಮಲಗಲು ಕೊಡುವುದು ಎಂದು ಸುರೇಖಾಳ ಲೆಕ್ಕ. ಆದರೆ ಬರಗಾಲದಲ್ಲಿ ಖಾಲಿಯಾದ ಜಾಗವನ್ನು ಹಿಡಿಯುವುದರಲ್ಲಿ ನಿಮ್ಮಪ್ಪ ನನಗಿಂತ ಚುರುಕು. ನಾನು ಬಸ್ಸು ಇಳಿಯುವ ಹೊತ್ತಿಗೆ ಅಲ್ಲಿ ಎರಡು ದೊಡ್ಡ ಸ್ಪೀಕರು, ಒಂದು ಹಳೆಯ ಕ್ಯಾಸೆಟ್ ಯಂತ್ರ, ಒಂದು ಕುರ್ಚಿ ಬಂದು ಕೂತಿದ್ದವು. ಕಚೇರಿಯಿಂದ ಬಂದು ಅಂಗಿಯನ್ನೂ ಬಿಚ್ಚದೆ ಅಲ್ಲಿ ಕಣ್ಣು ಮುಚ್ಚಿ ಹಾಡು ಕೇಳುವುದು ಅವರ ಪೂಜೆ. ನಾನು ಪಡಸಾಲೆಯಲ್ಲಿ ಮಲಗಿದೆ. ಅಲ್ಲೂ ಒಳ್ಳೆಯ ಮೂಲೆಯಿತ್ತು.

ಅಳಿಯನ ಎದುರು ಅತ್ತೆ ನೇರವಾಗಿ ಮಾತಾಡುವ ರೂಢಿ ನಮ್ಮ ಕಡೆಯ ಹಳೆಯ ಹೆಂಗಸರಲ್ಲಿ ಇಲ್ಲ. ತಲೆಯ ಮೇಲೆ ಸೆರಗು, ಬಾಗಿಲ ಮರೆ, ಮಾತೆಲ್ಲ ಮಗಳಿಗೆ. ಅಳಿಯ ಒಂದು ಮಾರು ದೂರದಲ್ಲಿ ಕೂತಿದ್ದರೂ ನಾನು, “ಸುರೇಖಾ, ರೊಟ್ಟಿ ಆರ್ಲತ್ತಾವ ಅಂತ ಹೇಳು” ಎನ್ನುವೆ. ಅವರು, “ಸುರೇಖಾ, ಬಂದೆ ಅಂತ ಹೇಳು” ಎನ್ನುವರು. ನಡುವೆ ಸಿಕ್ಕ ಸುರೇಖಾ, “ನಾ ಏನು ಮನಷ್ಯಾಳೋ ಟೆಲಿಫೋನಿನ ಕಂಬನೋ? ಇಬ್ರೂ ಒಬ್ರ ಮಾರಿ ಒಬ್ರು ನೋಡಿ ಮಾತಾಡ್ರಿ” ಎಂದು ಬೈಯುವಳು. ಮದುವೆಯಾದಂದಿನಿಂದ ಹೀಗೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ನನ್ನ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಇತ್ತು. ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಭಜನಾ ಮೇಳದ್ದು. ಅದರಲ್ಲಿ ಹಾಡು ತುಂಬಿದ್ದೂ ಒಂದು ಬರಗಾಲದಲ್ಲೇ, ಸುರೇಖಾ ಇನ್ನೂ ತೊಟ್ಟಿಲಲ್ಲಿದ್ದಾಗ. ಹಾರ್ಮೋನಿಯಂ ನುಡಿಸುವವರು ಹೈದರಾಬಾದಿಗೆ, ಹಾಡುವವರು ಪುಣೆಗೆ ಹೊರಟು ನಿಂತಿದ್ದರು. ಮತ್ತೆ ಯಾವಾಗ ಕೂಡುತ್ತೇವೋ ಎಂದು ಯಾರದೋ ಟೇಪ್ ರೆಕಾರ್ಡರು ಕೇಳಿ ತಂದು, ಹೊಲದಲ್ಲಿ ಕೆಲಸವೂ ಇರದ ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ಬಸವಣ್ಣನವರ ವಚನಗಳನ್ನು ಹಾಡಿದರು. ನಿಮ್ಮ ಮುತ್ಯಾ ಹಾಡುತ್ತಿರಲಿಲ್ಲ. ತಬಲಾ ಜೋಡಿ ಅವರದು. ಅದರಲ್ಲಿ ಬಲಗೈಯದು ಹರಿದಿತ್ತು. ಮಳೆ ಬಂದ ಮೇಲೆ ಹೊಸ ಚರ್ಮ ಹಾಕಿಸುವ ಮಾತಾಗಿತ್ತು. ಹಾಗಾಗಿ ಎಡಗೈಯ ದೊಡ್ಡ ಹೊಟ್ಟೆಯ ಡಗ್ಗಾ ಒಂದನ್ನೇ ಬಾರಿಸಿದರು. ಆ ಕ್ಯಾಸೆಟ್ಟಿನಲ್ಲಿ ಎಲ್ಲರ ದನಿಯೂ ಇದೆ, ಅವರದು ಕೈ ಮಾತ್ರ ಇದೆ. ಅವರು ಹೋದ ಮೇಲೆ ನನಗೆ ಉಳಿದದ್ದು ಆ ಕೈ. ಆ ಮೇಳದಲ್ಲಿ ಅವರಂಥ ಡಗ್ಗಾ ಯಾರದೂ ಇರಲಿಲ್ಲ ಎಂದು ಸುರೇಖಾಳಿಗೆ ಹೇಳಿ ಹೇಳಿಯೇ ಅವಳನ್ನು ಬೆಳೆಸಿದ್ದೆ. ಮೇಳದಲ್ಲಿ ಡಗ್ಗಾ ಒಂದೇ ಇತ್ತು ಎನ್ನುವುದು ಬೇರೆ ಮಾತು.

ಸುರೇಖಾಳ ಮುಖಾಂತರ ಕ್ಯಾಸೆಟ್ ಅಳಿಯನ ಕೈ ಸೇರಿತು. ಅವರು ಅದನ್ನು ಹತ್ತಿಯಿಂದ ಒರೆಸಿ, ಮಗುವನ್ನು ಮಲಗಿಸಿದ ಹಾಗೆ ಯಂತ್ರದಲ್ಲಿಟ್ಟು ಗುಂಡಿ ಒತ್ತಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಬಿಗಿಹಿಡಿದು ನಿಂತೆ. ಹಾಡು ಬಂತು, ಹಾರ್ಮೋನಿಯಂ ಪೆಟ್ಟಿಗೆ ಬಂತು, ತಾಳ ಬಂತು. ಡಗ್ಗಾ ಬರಬೇಕಾದಲ್ಲಿ ‘ಗುಂಯ್’ ಎಂದು ಒಂದು ಉದ್ದನೆಯ ಸದ್ದು ಖೋಲಿಯೆಲ್ಲ ತುಂಬಿಕೊಂಡಿತು. ಒಂದು ಪೆಟ್ಟು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯದು. ನೆಲದಡಿ ಕಾಳು ತುಂಬಿಡುವ ಖಾಲಿ ಹಗೇವಿನಲ್ಲಿ ಬಿದ್ದ ಎಮ್ಮೆ ಕೂಗಿದಂತೆ. ಅಡುಗೆಮನೆಯ ತಾಟುಗಳೂ ದನಿಗೂಡಿಸಿದವು. ನನ್ನ ಮುಖ ನೋಡಿ ಸುರೇಖಾ, “ಕ್ಯಾಸೆಟ್ ಹಾಳಾಗ್ಯಾದೇನ್ರಿ?” ಎಂದು ಗಂಡನನ್ನು ಕೇಳಿದಳು. “ಕ್ಯಾಸೆಟ್ ಬಿಲ್ಕುಲ್ ಬರೋಬ್ಬರ್ ಅದ. ಖರಾಬ್ ಇರೋದು ಖೋಲಿ. ಮಾವನವರ ಕೈ ಮೂಲ್ಯಾಗ ಸಿಕ್ಕೊಂಡಾದ. ಬಿಡಿಸ್ತೀನಿ ಅಂತ ನಿಮ್ಮವ್ವಗ ಹೇಳು” ಎಂದರು. ನನಗೆ ಆ ಮಾತು ಬಹಳ ಹಿಡಿಸಿತು.

ಬಿಡಿಸುವ ಉಪಾಯವನ್ನು ಅವರು ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದರು. ಅದಕ್ಕೆ ಬಾಸ್ ಟ್ರ್ಯಾಪ್ ಎನ್ನುತ್ತಾರಂತೆ. ಮೂಲೆಯಲ್ಲಿ ನೆಲದಿಂದ ಛಾವಣಿಯ ತನಕ ದಪ್ಪ, ಮೆತ್ತನೆಯ ಏನನ್ನಾದರೂ ನಿಲ್ಲಿಸಬೇಕು. ದಪ್ಪ ಸದ್ದು ಅದರೊಳಗೆ ಹೊಕ್ಕು ದಣಿದು ಮಲಗಬೇಕು. ಅಂಗಡಿಯ ಸಾಮಾನು ಬೀದರಿನಲ್ಲಿ ಸಿಗದು, ಮನೆಯಲ್ಲೇ ಮಾಡೋಣ ಎಂದರು. ನಾನು ಉತ್ಸಾಹದಿಂದ, “ಸುರೇಖಾ, ಕಣಿಕಿ ತುಂಬಿದ್ರ ಹ್ಯಾಂಗ ಅಂತ ಕೇಳು” ಎಂದೆ. ಕಣಿಕಿ ಅಂದರೆ ಜೋಳದ ಒಣಮೇವು. ಸುರೇಖಾ ಅದನ್ನು ಮುಂದಕ್ಕೆ ದಾಟಿಸಲೇ ಇಲ್ಲ. “ಔರಾದ ಕಡೆ ದನಗೋಳಿಗಿ ಒಂದು ಹಿಡಿ ಮೇವಿಲ್ಲ, ನೀ ಗ್ವಾಡಿಗಿ ಮೇವು ಹಾಕ್ತೀಯೇನವ್ವ?” ಎಂದಳು. ನಾನು ನನ್ನ ಮೂಲೆಗೆ ಮರಳಿದೆ.

ಕೊನೆಗೆ ಉಳಿದದ್ದು ಹಳೆಯ ಬಟ್ಟೆ. ನನ್ನ ಹಳೆಯ ಇಳಕಲ್ ಸೀರೆಗಳು, ಅಳಿಯನ ಪ್ಯಾಂಟುಗಳು, ಹರಿದ ಕೌದಿಗಳು, ಹೊದಿಕೆಗೆ ಜೋಳವಿಲ್ಲದ ಜೋಳದ ಚೀಲಗಳು. ಹೊಲಿಯಲು ಕಾಶಮ್ಮ ಸಿಕ್ಕಳು. ಅವಳು ಚಿಂತಾಕಿಯವಳು, ಆ ಬರದಲ್ಲಿ ಗಂಡನೊಡನೆ ಬಂದು ನಮ್ಮ ಎದುರಿಗೆ ಏಳುತ್ತಿದ್ದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಊರಿನಲ್ಲಿ ಕೌದಿ ಹೊಲಿಯುವುದರಲ್ಲಿ ಹೆಸರಾದವಳಂತೆ. ವಿಷಯ ಕೇಳಿ ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕದ್ದೇ ನಕ್ಕದ್ದು. “ಗ್ವಾಡಿಗಿ ಥಂಡಿ ಹತ್ತದೇನ್ರಿ ಆಯಿ? ಶಹರದ ಗ್ವಾಡಿಗೋಳು ಭಾಳ ನಾಜೂಕ ಬಿಡ್ರಿ!” ಆದರೆ ಮೂಲೆಗೆ ನಿಲ್ಲಿಸುವ ಗಾದಿ ಹೊಲಿಯಲು ಕೂತಳು. ಅವಳ ಜೊತೆ ಕೂತು ನಾನೂ ಹೊಲಿದೆ. ಅಷ್ಟು ನಕ್ಕು ನನಗೆ ಎಷ್ಟೋ ವರ್ಷವಾಗಿತ್ತು. ಅವಳು ತನ್ನ ಗಂಡನ ಗೊರಕೆ ಎಂಥದೆಂದು ಹೇಳುವಳು, “ಒಂದು ಗಾದಿ ಅವನ ಬಾಯಿಗೂ ಹೊಲೀಲೇನ್ರಿ?” ಎನ್ನುವಳು.

ನಮ್ಮ ತಪ್ಪು ಆಗಿದ್ದು ಇಲ್ಲೇ. ಕೌದಿಯ ಕೊನೆಯ ಮೂಲೆಯನ್ನು ಹೊಲಿದು ಮುಚ್ಚುವ ಮುನ್ನ ಅದರೊಳಗೆ ತಿನ್ನುವ ಪದಾರ್ಥ ಇಡುವುದು ನಮ್ಮ ಹೆಂಗಸರ ಪದ್ಧತಿ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬಾರದು ಎಂಬ ನಂಬಿಕೆ. ಮೊದಲ ಗಾದಿಯ ಬಾಯಿ ಮುಚ್ಚುವಾಗ ಕಾಶಮ್ಮ ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ಇದು ಯಾರೂ ಹೊದೆಯುವ ಕೌದಿಯಲ್ಲವಲ್ಲ ಎಂದೆ. “ಹೊಟ್ಟಿ ಖಾಲಿ ಅಂತ ನಾವೇ ಊರು ಬಿಟ್ಟು ಬಂದೀವಿ. ಇದಕ್ಕೂ ಉಪಾಸ ಹಾಕ್ಬೇಕೇನ್ರಿ ಆಯಿ?” ಎಂದಳು. ಎದ್ದು ಒಳಗೆ ಹೋದೆ. ರೊಟ್ಟಿ ಮುರಿದು, ಬೆಲ್ಲ ಹಾಕಿ, ತುಪ್ಪ ಬಿಟ್ಟು ಕಲಸಿ ತಂದೆ. ಅವಳು ಚಿಟಿಕೆ ಸಾಕು ಎಂದಳು. ನಿಮ್ಮ ಮುತ್ಯಾನ ಡಗ್ಗಾ ಬಂದು ಮಲಗುವ ಜಾಗ ಎಂದುಕೊಂಡು ನಾನು ಹಿಡಿ ಹಿಡಿ ಇಟ್ಟೆ. ನಿಮ್ಮಪ್ಪನಿಗೆ ಈ ಸುದ್ದಿ ಹೇಳಲಿಲ್ಲ. ಹೇಳಬೇಕೆಂದರೆ ಸುರೇಖಾಳ ಮೂಲಕ ಹೋಗಬೇಕು. ಅವಳು ಕಣಿಕಿಗೇ ಅಷ್ಟು ಬೈದವಳು.

ಗಾದಿಗಳು ನಾಲ್ಕೂ ಮೂಲೆಯಲ್ಲಿ ಒಂದರ ಮೇಲೊಂದು ನಿಂತವು. ನೋಡಲು ಚೆಂದ, ಕೌದಿಯ ಒತ್ತಾದ ಹೊಲಿಗೆ, ಕಲ್ಲಿನ ಹಾಗೆ ಗಟ್ಟಿ. ಕ್ಯಾಸೆಟ್ ಹಾಕಿದರು. ‘ಗುಂಯ್’. ಸ್ವಲ್ಪ ಸಣ್ಣಗಾಗಿತ್ತು, ಆದರೆ ಎಮ್ಮೆ ಹಗೇವಿನಲ್ಲೇ ಇತ್ತು. ಅಳಿಯನ ಮುಖ ಸಪ್ಪಗಾಯಿತು. ಕಾಶಮ್ಮನಂತೂ ಗಾದಿಗಳಿಗೇ ಬೈದಳು. ನನಗೆ ಅಳುವೇ ಬಂದಿತ್ತು; ಸೆರಗು ಇರುವುದು ಇಂಥ ಹೊತ್ತಿಗೇ. ಆದರೂ ಅವರು ಬಿಡದೆ ಕೆಲವು ದಿನ ಕುರ್ಚಿಯನ್ನು ಮುಂದಕ್ಕೆ ಎಳೆದು, ಹಿಂದಕ್ಕೆ ಸರಿಸಿ, ಮೂಲೆಗೆ ಆತು ಕೂತು ಕೇಳುತ್ತಿದ್ದರು.

ಅಂಥ ಒಂದು ಸಂಜೆ ನಾನು ಬಾಗಿಲ ಮರೆಯಿಂದ ನೋಡುತ್ತೇನೆ, ಗಾದಿಯ ಹೊಲಿಗೆಯಿಂದ ಹೊರಟ ಕೆಂಪು ಇರುವೆಗಳ ಸಾಲು ಕುರ್ಚಿಯ ಬೆನ್ನು ಹತ್ತಿ, ಕಣ್ಣು ಮುಚ್ಚಿ ಕೂತ ಅಳಿಯನ ಕಾಲರಿನೊಳಗೆ ಇಳಿಯುತ್ತಿದೆ. ಸುರೇಖಾ ಮನೆಯಲ್ಲಿರಲಿಲ್ಲ. ಹೇಳುವುದು ಯಾರಿಗೆ? ಗೋಡೆಯ ಕಡೆ ತಿರುಗಿ, “ಯಾರರ ಇರುವಿ ನೋಡ್ರೋ” ಎಂದೆ. ಗೋಡೆ ಕೇಳಲಿಲ್ಲ. ಸಾಲು ಅಂಗಿಯೊಳಗೆ ಮಾಯವಾದದ್ದು ಕಂಡಾಗ ನನ್ನ ಬಾಯಿ ತಾನೇ ತೆರೆಯಿತು. “ಏಳ್ರಿ! ಅಂಗಿ ಬಿಚ್ರಿ ಮೊದಲ!”

ಅಳಿಯನಿಗೆ ಅತ್ತೆ ಆಡಿದ ಮೊದಲ ಮಾತು ಇದು. ಅವರು ಬೆಚ್ಚಿದ್ದು ಇರುವೆಗೋ ನನ್ನ ದನಿಗೋ ಇವತ್ತಿಗೂ ಹೇಳುವುದಿಲ್ಲ. ಅಂಗಳದಲ್ಲಿ ಅವರು ಕುಣಿದ ಕುಣಿತ ನೀವು ನೋಡಿದ್ದೀರಿ. ಚಪ್ಪಾಳೆ ತಟ್ಟಿದವರೂ ನೀವೇ.

ಮರುದಿನ ಗಾದಿಗಳೆಲ್ಲ ಮಾಳಿಗೆಗೆ ಹೋದವು. ಹೊಲಿಗೆ ಬಿಚ್ಚಿದಾಗ ಬೆಲ್ಲದ ರೊಟ್ಟಿ ಹೊರಬಿತ್ತು. ನಿಮ್ಮಪ್ಪ ಅದನ್ನು ಕೈಯಲ್ಲಿ ಹಿಡಿದು, “ಇದು ಯಾವ ಲೆಕ್ಕದಾಗ ಬರ್ತದ್ರಿ ಅತ್ತಿ? ವಿಡಿಯೋದಾಗ ಹೇಳಿದ್ದಿಲ್ಲ” ಎಂದರು. ಒಮ್ಮೆ ಬಾಯಿ ಬಿಟ್ಟಾಗಿತ್ತಲ್ಲ, ಇನ್ನು ಮುಚ್ಚಿ ಏನು ಮಾಡುವುದು? “ಉಪಾಸ ಇಡಬಾರದಂತ್ರಿ” ಎಂದೆ. ಕಾಶಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಟ್ಟೆಯನ್ನೆಲ್ಲ ಬಿಸಿಲಿಗೆ ಹರವಿ, ಇರುವೆ ಹೋಗಲಿ ಎಂದು ಕೋಲಿನಿಂದ ಬಡಿದೆವು, ಎಳೆ ಎಳೆಯಾಗಿ ಬಿಡಿಸಿದೆವು, ಹಿಂಜಿದೆವು. ಕಾಶಮ್ಮನ ಮಂದಿ ವಾರದೊಳಗೆ ಹೈದರಾಬಾದಿಗೆ ಹೊರಡುವವರಿದ್ದರು. ಕೌದಿಯ ಹೊಲಿಗೆಗೆ ಹೊತ್ತಿರಲಿಲ್ಲ. ಹಿಂಜಿದ ಬಟ್ಟೆಯನ್ನು ಒತ್ತದೆ, ತುಳಿಯದೆ ಚೀಲಗಳಿಗೆ ಸಡಿಲಾಗಿ ಸುರಿದು, ಬಾಯಿಗೆ ನಾಲ್ಕು ದೊಡ್ಡ ಹೊಲಿಗೆ ಹಾಕಿದೆವು. ಈ ಸಲ ಅವಳು ರೊಟ್ಟಿಯ ಬದಲು ಒಂದೊಂದು ಬೇವಿನ ಎಲೆ ಇಟ್ಟಳು. “ಕಹಿ ಇದ್ರೂ ಊಟನೇ ತಗೋರಿ” ಎಂದಳು.

ಗಾದಿಗಳು ಈಗ ಬಾಣಂತಿಯ ಹಾಸಿಗೆಯ ಹಾಗೆ ಉಬ್ಬಿದ್ದವು. ನಿಲ್ಲಿಸಿ ಕ್ಯಾಸೆಟ್ ಹಾಕಿದರು. ಈ ಸಲ ನಾನು ಖೋಲಿಯ ಒಳಗೇ, ನೆಲದ ಮೇಲೆ ಕೂತಿದ್ದೆ. ಸುರೇಖಾ, ಕಾಶಮ್ಮ ಪಕ್ಕದಲ್ಲಿ. ಹಾಡು ಬಂತು. ಪೆಟ್ಟಿಗೆ ಬಂತು. ಆಮೇಲೆ ‘ಧಂ’. ಒಂದು ಪೆಟ್ಟು, ಅದರ ಹಿಂದೆ ಬಯಲು, ಇನ್ನೊಂದು ಪೆಟ್ಟು. ಹಸ್ತ ಒತ್ತಿ ಮುಂದೆ ಜಾರುವಾಗ ಚರ್ಮ ಹೊರಡಿಸುವ ಆ ‘ಘೂಂ’ ಎನ್ನುವ ತಿರುವು ಕೂಡ ಕೇಳಿತು. ಅವರದೇ ಕೈ. ಸಡಿಲಾಗಿ ತುಂಬಬೇಕಿತ್ತಂತೆ, ಇರುವೆಗಳೇ ಕಲಿಸಿದವು ಎಂದು ಅಳಿಯ ಏನೇನೋ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಡಗ್ಗಾ ಎಡವಿತು. ಒಂದು ಪೆಟ್ಟು ಬೀಳಲೇ ಇಲ್ಲ. ಆಮೇಲೆ ಎರಡು ಗಡಿಬಿಡಿಯಲ್ಲಿ ಓಡಿಬಂದವು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ಸುರೇಖಾ ನೆಲ ನೋಡಿದಳು, ಕಾಶಮ್ಮ ಛಾವಣಿ ನೋಡಿದಳು. ಅಂಥ ಡಗ್ಗಾ ಯಾರದೂ ಇರಲಿಲ್ಲ ಎಂದು ಜೀವಮಾನವೆಲ್ಲ ಹೇಳಿದವಳು ನಾನು ಯಾವ ಕಡೆ ನೋಡಲಿ? ಎಮ್ಮೆಯೇ ಇರಬಾರದಿತ್ತೇ ಎನ್ನಿಸಿತು. ಆದರೆ ನಿಮ್ಮಪ್ಪ ಕಣ್ಣು ಮುಚ್ಚಿಯೇ ಇದ್ದರು. ಟೇಪನ್ನು ಹಿಂದಕ್ಕೆ ತಿರುಗಿಸಿದರು, ಮತ್ತೆ ಕೇಳಿದರು, ಮತ್ತೆ ತಿರುಗಿಸಿದರು. “ಅತ್ತಿ, ಕೈ ತಪ್ಪೋದಕ್ಕಿಂತ ಜರಾ ಮೊದಲ ಏನೋ ಕಿಣಿಕಿಣಿ ಅಂತದ ನೋಡ್ರಿ. ಚಾದ ಕಪ್ಪು ಬಸಿ ತಾಗೋ ಅವಾಜ್. ಪ್ರತಿ ಸಲ ಅದು ಆದ ಮ್ಯಾಲೇ ತಪ್ಪ್ಯಾರ. ಆವತ್ತು ಚಾ ತರ್ಲತ್ತಿದ್ದವರು ಯಾರ್ರಿ?”

ಕಾಶಮ್ಮ ನನ್ನ ತೊಡೆಗೆ ಒಂದು ಪೆಟ್ಟು ಹೊಡೆದಳು. ಅದು ಮಾತ್ರ ತಾಳಕ್ಕೆ ಸರಿಯಾಗಿ ಬಿತ್ತು. ಸುರೇಖಾ, “ಅಪ್ಪ ಬಾಗಿಲ ಕಡಿ ಹೊಳ್ಳಿ ನೋಡ್ಯಾನ” ಎಂದು ಕೂಗಿದಳು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು, “ಚಾದ ಆಸಿಗಿ ನೋಡಿರ್ತಾರ ತಗೋರಿ” ಎಂದೆ.

ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ನೀವು ನನ್ನ ಮೊಮ್ಮಕ್ಕಳು, ನಿಮ್ಮ ಹತ್ತಿರ ಮುಚ್ಚಿಡುವುದೇನು. ಕ್ಯಾಸೆಟ್ ತುಂಬಿದ ಆ ಬರದ ವರ್ಷ ಮನೆಯಲ್ಲಿ ಹಾಲಿರಲಿಲ್ಲ, ಸಕ್ಕರೆಯಿರಲಿಲ್ಲ, ಪುಡಿಯನ್ನು ಎರಡನೆಯ ಸಲ ಕುದಿಸುತ್ತಿದ್ದೆ. ಆ ಚಹಾ ಮಾಡಿದವಳು ನಾನು, ಅದರ ರುಚಿ ನನಗೆ ಚೆನ್ನಾಗಿ ಗೊತ್ತು. ಅದಕ್ಕಾಗಿ ಯಾವ ಗಂಡಸೂ ತಾಳ ಬಿಟ್ಟು ಕತ್ತು ಹೊರಳಿಸಲಾರ.