ಟೆಕ್ಸಸ್‌ಗೆ ಒಂಟೆಗಳು ಬಂದದ್ದು ನಿಜ

ನಮ್ಮದು ಮೈಸೂರಿನಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆತನ. ಮುತ್ತಜ್ಜನವರು ಅರಮನೆಗೆ ಬರುವ ಪರದೇಶದ ಅತಿಥಿಗಳ ಉಸ್ತುವಾರಿ ನೋಡುತ್ತಿದ್ದರು. ತಾತ ವಕೀಲರು, ಸುಳ್ಳು ಹೇಳುವ ಕಕ್ಷಿದಾರರನ್ನು ಹತ್ತಿರ ಸೇರಿಸುತ್ತಿರಲಿಲ್ಲವಾದ್ದರಿಂದ ಅವರಿಗೆ ಬೇಕಾದಷ್ಟು ಬಿಡುವಿತ್ತು. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ಇಂಥವಳು ಈ ಟೆಕ್ಸಸ್‌ನ ಪ್ಲೇನೋ ಊರಿನಲ್ಲಿ ನೆಮ್ಮದಿಯಾಗಿರೋಣವೆಂದರೆ, ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ಈ ವರ್ಷ ಬಂದದ್ದು ಟರ್ಕಿಯಿಂದ.

ಕಾಫಿ

ನಮ್ಮ ಕನ್ನಡ ಹಿರಿಯರ ಕೂಟದಲ್ಲಿ ತಿಂಗಳಿಗೊಬ್ಬರು ಒಂದು ವಿಷಯದ ಮೇಲೆ ಮಾತಾಡಬೇಕು. ಸಂಚಾಲಕರು ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರ್.

"ಅಕ್ಕಾರ, ನಿಮ್ಮ ಬಾಜೂ ಮನಿಯವರು ಟರ್ಕಿಯವರಲ್ಲೇನ್ರಿ? ಹಂಗಾರ ಟರ್ಕಿ–ಅಮೆರಿಕ ರಾಜತಾಂತ್ರಿಕ ಸಂಬಂಧದ ಇತಿಹಾಸ ನಿಮಗ" ಎಂದು ಹಂಚಿಬಿಟ್ಟರು. ಅವರ ಪಕ್ಕದ ಮನೆಯವರು ದಂತವೈದ್ಯರು. ಸಂಚಾಲಕರು ಹಲ್ಲಿನ ಬಗ್ಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಕೊಟ್ಟ ಕೆಲಸ ಅಚ್ಚುಕಟ್ಟಾಗಿ ಮಾಡಬೇಕೆಂದು ಪಕ್ಕದ ಮನೆಗೆ ಹೋದೆ. ಆಕೆ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಸೋಸಿರಲಿಲ್ಲ. ಕೊಟ್ಟದ್ದನ್ನು ಉಳಿಸುವುದು ಅಸಭ್ಯತೆ ಎಂದು ನಮಗೆ ಕಲಿಸಿದ್ದರು. ತಳದ ಚರಟವನ್ನೂ ಬಿಡದೆ ಕುಡಿದೆ. ಆಕೆ ಬಟ್ಟಲನ್ನು ಮಗುಚಿ, ಎತ್ತಿ, ಒಳಗೆ ಇಣುಕಿ ಕಂಗಾಲಾದರು. ಅವರಲ್ಲಿ ಆ ಚರಟ ನೋಡಿ ಭವಿಷ್ಯ ಹೇಳುವ ಪದ್ಧತಿಯಂತೆ.

"ಈಗೇನು ಮಾಡುವುದು?" ಎಂದೆ.

"ಮಾಡುವುದೇನು? ನಿಮ್ಮ ಭವಿಷ್ಯವನ್ನು ನೀವೇ ಕುಡಿದುಬಿಟ್ಟಿರಿ" ಎಂದರು.

ಒಂಟೆ

ಭವಿಷ್ಯ ಹೋದರೆ ಹೋಗಲಿ, ಚರಿತ್ರೆ ಸಿಕ್ಕಿತು. ಸುಲ್ತಾನರ ಕಾಲದ ವ್ಯಾಪಾರದ ಒಪ್ಪಂದದಿಂದ ನ್ಯಾಟೋವರೆಗೆ ಓದುತ್ತ ಹೋದಂತೆ ನನಗೇ ರುಚಿ ಹತ್ತಿತು. ಅದರಲ್ಲೂ ಒಂದು ಸಂಗತಿ: ನೂರೈವತ್ತು ವರ್ಷಗಳಿಗೂ ಹಿಂದೆ ಅಮೆರಿಕದ ಸೈನ್ಯ ಸಾಮಾನು ಹೊರಲೆಂದು, ಈಗಿನ ಟರ್ಕಿಯ ಇಜ್ಮಿರ್ ಬಂದರಿನಿಂದ ಹಡಗಿನಲ್ಲಿ ಒಂಟೆಗಳನ್ನು ಟೆಕ್ಸಸ್ ಕರಾವಳಿಗೆ ತರಿಸಿತ್ತು.

ಕೂಟದಲ್ಲಿ ಇದನ್ನು ಹೇಳಿದ್ದೇ ತಡ, ಸಂಚಾಲಕರು ಎದ್ದು ನಿಂತರು. "ಅಕ್ಕಾರ, ಟೆಕ್ಸಸ್‌ನಾಗ ಒಂಟಿ? ರೈಲು ಬಿಡೂದು ಕೇಳಿದ್ದೆ, ಒಂಟಿ ಬಿಡೂದು ಇವತ್ತ ನೋಡಿದೆ!"

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಳ್ಳುಗಾರ್ತಿ ಎನಿಸಿಕೊಂಡವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಪುಸ್ತಕ ತೋರಿಸಿದೆ.

"ಪುಸ್ತಕದಾಗ ಏನರ ಬರೀತಾರ್ರಿ. ಮನಷ್ಯಾರ ಬಾಯಿಂದ ಕೇಳಸ್ರಿ."

"ಕೇಳಿಸಿದರೆ?"

"ಎಲ್ಲಾರ ಮುಂದ ಕೈಮುಗಿದು ಕ್ಷಮಾ ಕೇಳ್ತೀನ್ರಿ. ಇಲ್ಲಂದ್ರ ಮುಂದಿನ ಸಲದ ಉಪ್ಪಿಟ್ಟು ನಿಮ್ಮದು."

ಉಪ್ಪಿಟ್ಟು ಪ್ರತಿ ತಿಂಗಳೂ ನನ್ನದೇ.

ಕಾಗದ

ಹ್ಯೂಸ್ಟನ್ ಪಕ್ಕದ ಕೇಟಿ ಊರಿನಲ್ಲಿರುವ ಮಗಳ ಮನೆಗೆ ಹೋದಾಗ, ಅಳಿಯ ತನ್ನ ಆಫೀಸಿನಿಂದ ನಿವೃತ್ತರಾದ ಟರ್ಕಿಯ ಹಿರಿಯರೊಬ್ಬರನ್ನು ಊಟಕ್ಕೆ ಕರೆದಿದ್ದ. ಸಾರು ಬಡಿಸುವ ಮೊದಲೇ ಒಂಟೆಯ ವಿಷಯ ಎತ್ತಿದೆ.

"ನಿಜವೇ. ನಾವು ಒಂಟೆ ಕೊಟ್ಟೆವು. ನಮಗೆ ಬಂದದ್ದು ಕಾಗದ" ಎಂದರು.

೧೯೬೪ರಲ್ಲಿ ಸೈಪ್ರಸ್ ವಿಚಾರವಾಗಿ ಅಮೆರಿಕದ ಅಧ್ಯಕ್ಷರು ಟರ್ಕಿಯ ಪ್ರಧಾನಿಗೆ ಗದರಿಸಿ ಬರೆದ ಕಾಗದವದು. ಆ ಅಧ್ಯಕ್ಷರು ಟೆಕ್ಸಸ್‌ನವರೇ. ಹಿರಿಯರು ಆಗ ಶಾಲಾಬಾಲಕ. ಆದರೂ ನಿನ್ನೆ ತಾನೇ ಅಂಚೆಯಲ್ಲಿ ತಮ್ಮ ಹೆಸರಿಗೇ ಬಂದಂತೆ ಮುಖ ಕೆಂಪಗೆ ಮಾಡಿಕೊಂಡರು.

"ಇಷ್ಟು ವರ್ಷ ಟೆಕ್ಸಸ್‌ನಲ್ಲೇ ಇದ್ದೀರಲ್ಲ, ಕೋಪ ಇಳಿಯಲಿಲ್ಲವೇ?" ಎಂದೆ.

"ಇಲ್ಲಿಯವರ ಮೇಲೆ ನನಗೆ ಕೋಪವಿಲ್ಲ. ಬಾರ್ಬೆಕ್ಯೂ ಚೆನ್ನಾಗಿ ಮಾಡುತ್ತಾರೆ. ಕಾಗದ ಮಾತ್ರ ಬರೆಯಬಾರದು."

ಕುದುರೆ

ಫೋನಿನಲ್ಲಿ ಸಂಚಾಲಕರಿಗೆ ತಿಳಿಸಿದೆ. "ಟರ್ಕಿಯವರು ಟರ್ಕಿ ಒಂಟಿ ಇಲ್ಲ ಅಂತಾರೇನ್ರಿ? ಮೂರನೇದವರು ಬೇಕು" ಎಂದರು.

ಸರಿ, ನಮ್ಮವರನ್ನು ಹೊರಡಿಸಿಕೊಂಡು ಆಸ್ಟಿನ್‌ಗೆ ಹೋದೆ. ಅಲ್ಲೊಂದು ವಸ್ತುಸಂಗ್ರಹಾಲಯದಲ್ಲಿ ವಿವರಣೆ ಕೊಡುವ ಬೆಳ್ಳಿಗೂದಲ ಹೆಂಗಸು ಸಿಕ್ಕರು, ಟೆಕ್ಸಸ್‌ನಲ್ಲೇ ಹುಟ್ಟಿದವರು. "ಒಂಟೆಗಳೇ? ಬಂದಿದ್ದವು ಮೇಡಂ. ಅವುಗಳ ವಾಸನೆ ಬಡಿದರೆ ಸಾಕು, ಕುದುರೆಗಳು ಬೆದರಿ ಓಡುತ್ತಿದ್ದವು" ಎಂದರು. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಅವರ ಕೈಗೆ ಫೋನ್ ಕೊಟ್ಟೆ. ಸಂಚಾಲಕರು ಬನಿಯನ್ನಿನಲ್ಲಿದ್ದರು. ನೆಟ್ಟಗೆ ಕುಳಿತು "ಯೆಸ್ ಮ್ಯಾಮ್, ಯೆಸ್ ಮ್ಯಾಮ್" ಎಂದು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನಗೆ ಕನ್ನಡದಲ್ಲಿ:

"ಅಕ್ಕಾರ, ನಾ ಸುಮ್ಮನ ನಕ್ಕೆ ಅಷ್ಟರೀ. ನಗೂದಕ್ಕೂ ಸಾಕ್ಷಿ ಬೇಕೇನ್ರಿ?"

ವಂದನಾರ್ಪಣೆ

ಮುಂದಿನ ಕೂಟಕ್ಕೆ ಇಸ್ತ್ರಿ ಮಾಡಿದ ಮೈಸೂರು ಸಿಲ್ಕ್ ಉಟ್ಟು, ಕ್ಷಮಾಪಣೆ ಸ್ವೀಕರಿಸಲು ಮೊದಲ ಸಾಲಿನಲ್ಲಿ ಕುಳಿತೆ. ಸಂಚಾಲಕರು ಎದ್ದರು, ಗಂಟಲು ಸರಿಮಾಡಿಕೊಂಡರು, ಪರದೆಯ ಮೇಲೆ ಚಿತ್ರ ಹಾಕಿದರು.

"ಟೆಕ್ಸಸ್‌ನಾಗ ಟರ್ಕಿ ಒಂಟಿ! ಯಾರಿಗೂ ಗೊತ್ತಿಲ್ಲದ ಸಂಗತಿ ಇವತ್ತ ಹೇಳಾಕತ್ತೀನಿ."

ನನ್ನ ಮಾತುಗಳೇ, ನಾನು ಹೇಳಿದ ಕ್ರಮದಲ್ಲೇ. ಕೊನೆಗೆ ಆಸ್ಟಿನ್ ಹೆಂಗಸಿನ ಕುದುರೆಗಳೂ ಓಡಿದವು. ಕಳೆದ ಸಲ ನಕ್ಕವರೆಲ್ಲ ಈ ಸಲ "ಅಬ್ಬಾ, ಹೌದೇ!" ಎಂದು ಬೆರಗಾದರು. ಯಾರೋ ನನ್ನ ಕೈಗೆ ಶಾಲು ಕೊಟ್ಟು, ಸಂಚಾಲಕರಿಗೆ ಹೊದಿಸಿ ಎಂದರು.

"ಅಕ್ಕಾರಿಗೆ ಒಂಟಿ ಅಂದ್ರ ಭಾಳ ಆಸಕ್ತಿ. ವಂದನಾರ್ಪಣೆನೂ ಅವರೇ ಮಾಡ್ಲಿ" ಎಂದರು ಸಂಚಾಲಕರು.

ವೇದಿಕೆಯ ಮೇಲೆ ಒಲ್ಲೆ ಎನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಶಾಲು ಹೊದಿಸಿದೆ. "ಒಂಟೆ ಕೊಟ್ಟ ಟರ್ಕಿಗೂ, ಹೊತ್ತು ತಂದ ಹಡಗಿಗೂ, ಒಂಟೆಯೇ ಇಲ್ಲವೆಂದು ನಕ್ಕು ಈಗ ಅದನ್ನೇ ಹತ್ತಿ ಕುಳಿತ ಸಂಚಾಲಕರಿಗೂ ವಂದನೆಗಳು" ಎಂದೆ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಂಚಾಲಕರೇ.

ಇದನ್ನು ಕೂಟದ ಪತ್ರಿಕೆಗೆ ಬರೆದು ಕಳಿಸುತ್ತಿದ್ದೇನೆ, ಒಂದಕ್ಷರವನ್ನೂ ಕತ್ತರಿಸಕೂಡದು. ಸಂಚಾಲಕರು ಕೊಟ್ಟ ಮಾತಿನಂತೆ, ಎಲ್ಲರ ಮುಂದೆ, ಕೈಮುಗಿದು, ನನ್ನ ಕ್ಷಮೆ ಕೇಳಬೇಕು.