ನೋವಿಲ್ಲದ ಕಾಲು

ರಶೀನಾ ಆಗತಾನೇ ಒರೆಸಿದ ನೆಲದ ಮೇಲೆ ಅಲ್ಲಲ್ಲಿ ರಕ್ತದ ಕಲೆ. ಬೆಕ್ಕು ಎಲ್ಲಿಂದಲೋ ಮೀನು ಎಳೆದು ತಂದಿರಬೇಕೆಂದು ಅವಳ ಗಂಡ ಅಬ್ದುಲ್ ಶುಕೂರ್ ಕೋಲು ಹಿಡಿದು ಹುಡುಕಲು ಹೊರಟರು. ಅವರು ಹುಡುಕಿದಷ್ಟೂ ಕಲೆ ಹೆಚ್ಚಾಯಿತು. ಕೊನೆಗೆ ರಶೀನಾ ಅವರನ್ನು ನಿಲ್ಲಿಸಿ ಕಾಲೆತ್ತಿಸಿ ನೋಡಿದಳು. ಚಪ್ಪಲಿಯ ಮೊಳೆ ಹಿಮ್ಮಡಿಯನ್ನು ಕೊರೆದಿತ್ತು.

"ನೋವೇ ಇಲ್ಲ. ನೋವಿಲ್ಲದ ಮೇಲೆ ಅದೆಂಥ ಗಾಯ?" ಎಂದರು ಶುಕೂರ್.

ಶುಗರ್ ಅವರಿಗೆ ಹಳೆಯ ನೆಂಟ. ಆದರೆ ನಾಳೆ ಮೂಡುಬಿದಿರೆಯಲ್ಲಿ ತಂಗಿಯ ಮಗಳ ಮದುವೆ. ಎತ್ತಿ ಆಡಿಸಿದ ಹುಡುಗಿ. ಅವಳ ನಿಕಾಹ್ ನೋಡದೆ ಆಸ್ಪತ್ರೆಯಲ್ಲಿ ಮಲಗುವುದೆಂದರೆ ಅವರಿಗೆ ಅಳುವೇ ಬರುತ್ತಿತ್ತು. ಬಿರಿಯಾನಿಯ ಚಿಂತೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಸುದ್ದಿ ಫರಂಗಿಪೇಟೆಯ ಆ ಓಣಿಯಲ್ಲಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಕಾಫಿಪುಡಿ ಮೆತ್ತಿದರು. ಹಿಮ್ಮಡಿ ಹುರಿಯಲು ಮಸಾಲೆ ಹಚ್ಚಿದ ಬಂಗುಡೆಯಂತಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಜಯಪ್ರಕಾಶ್ ರಿಕ್ಷಾ ತಂದು ನಿಲ್ಲಿಸಿದರು. ಹೋದ ವರ್ಷ ಇದೇ ಶುಗರಿನಿಂದ ಆಸ್ಪತ್ರೆಯಲ್ಲಿ ಕಾಲಿನ ಕಿರುಬೆರಳು ಬಿಟ್ಟು ಬಂದವರು ಅವರು. ಹಾಗಾಗಿ ಓಣಿಗೆಲ್ಲ ಅರ್ಧ ಡಾಕ್ಟರು. ಮೊದಲೆಲ್ಲ ಜನ ಜ್ವರಕ್ಕೆ, ಎದೆನೋವಿಗೆ ಅಡ್ಮಿಟ್ ಆಗುತ್ತಿದ್ದರಂತೆ. ಈಗ ನೋಡಿದರೆ ಶುಗರಿನವರ ಕಾಲುಗಳಿಂದಲೇ ವಾರ್ಡು ತುಂಬಿರುತ್ತದಂತೆ. ದಾರಿಯುದ್ದಕ್ಕೂ ಇದೇ ಪುರಾಣ.

"ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡ್ತಾರೆ ಶುಕೂರ್ ಕಾಕ. ಗೊತ್ತಾಗ್ಲಿಲ್ಲ ಅಂತಾದ್ರೆ ಹಾಸಿಗೆ ಗ್ಯಾರಂಟಿ."

ಶುಕೂರರಿಗೆ ಅಷ್ಟು ಸಾಕಾಯಿತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವರಂತೆ ಗೆಲುವಾದರು.

ಆಸ್ಪತ್ರೆಯಲ್ಲಿ ಡಾಕ್ಟರ್ ವಿಸ್ಮಿತಾ ಅರಿಶಿನ, ಕಾಫಿಪುಡಿ ತೆಗೆದು ಗಾಯ ತೊಳೆದರು. ಆಮೇಲೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮುಟ್ಟಿದ್ದು ಗೊತ್ತಾದಾಗ ತಿಳಿಸಬೇಕೆಂದರು. ಶುಕೂರ್ ಕಣ್ಣು ಬಿಗಿಯಾಗಿ ಮುಚ್ಚಿದರು.

"ಹಾಂ, ಗೊತ್ತಾಯ್ತು. ಹೆಬ್ಬೆರಳು," ಎಂದರು. ಸ್ವಲ್ಪ ಬಿಟ್ಟು, "ಈಗ ಹಿಮ್ಮಡಿ," ಎಂದರು. ನಂಬಿಕೆ ಬರಲೆಂದು ಕಚಗುಳಿಯಾದವರ ಹಾಗೆ ಒಮ್ಮೆ ನಕ್ಕರು ಕೂಡ.

"ಸ್ವಲ್ಪ ನಿಲ್ಲಿ ಕಾಕ. ನಾನಿನ್ನೂ ಕೈ ಒರೆಸ್ತಾ ಇದ್ದೇನೆ. ಈಗ ಶುರು ಮಾಡ್ತೇನೆ."

ನಾಚಿಕೆಯಿಂದ ಶುಕೂರರ ಕಿವಿ ಕೆಂಪಾಯಿತು. ಇನ್ನು ಸುಳ್ಳು ಬೇಡ, ನಿಜವಾಗಿ ಮುಟ್ಟಿದಾಗಲೇ ಹೇಳುವುದೆಂದು ಬಾಯಿ ಮುಚ್ಚಿ ಕಾದರು. ಕಾದೇ ಕಾದರು. ಡಾಕ್ಟರು ಇಷ್ಟು ತಡ ಮಾಡುವುದು ಯಾಕೆಂದು ಬೇಸತ್ತು ಕಣ್ಣು ಬಿಟ್ಟರೆ, ಪರೀಕ್ಷೆ ಮುಗಿಸಿದ ವಿಸ್ಮಿತಾ ಅಡ್ಮಿಷನ್ ಚೀಟಿ ಬರೆಯುತ್ತಿದ್ದರು.